ಬೇವು ಸತ್ತ ಗುಂಡಿಯಲ್ಲಿ ಹೊಂಗೆ, ಸಜ್ಜಾ ಕೆಳಗೆ ಗುಬ್ಬಿ

ಚಿತ್ರದುರ್ಗದ ಜೋಗಿಮಟ್ಟಿ ರಸ್ತೆ ಕಡೆ ನಮ್ಮ ಮನೆ ಮುಗಿದಿದ್ದು 2021ರ ಶುರುವಿನಲ್ಲಿ. ಗೃಹಪ್ರವೇಶ ಆಗಿ ಹದಿನೈದು ದಿನಕ್ಕೆ ಅವ್ವ ಊರಿಂದ ಬಂದು ನಮ್ಮ ಜೊತೆ ಇರೋಕೆ ಶುರು ಮಾಡಿದಳು. ಚಳ್ಳಕೆರೆ ತಾಲ್ಲೂಕಿನ ನಮ್ಮ ಹಳೇ ಮನೆ ಮಾಳಿಗೆ ಮನೆ. ತೊಲೆ, ಜಂತೆ, ಅದರ ಮೇಲೆ ಮಣ್ಣು. ಜಂತೆ ಸಂದಿಯಲ್ಲಿ, ಗವಾಕ್ಷಿ ಪಕ್ಕದಲ್ಲಿ, ದೇವರ ಫೋಟೋ ಹಿಂದೆ, ಎಲ್ಲೆಲ್ಲೂ ಗುಬ್ಬಿ ಗೂಡು. ಊಟಕ್ಕೆ ಕೂತಾಗ ತಟ್ಟೆಗೆ ಒಂದೆರಡು ಹುಲ್ಲುಕಡ್ಡಿ ಬೀಳೋದು ಮಾಮೂಲಿ. ಅಂಥ ಮನೆಯಿಂದ ಬಂದ ಅವ್ವ ಹೊಸ ಮನೆಯ ಕೋಣೆ ಕೋಣೆ ನೋಡಿದಳು. ಪುಟ್ಟಿ ಹಚ್ಚಿ ಬಣ್ಣ ಬಳಿದ ನುಣ್ಣನೆ ಗೋಡೆ.

"ಎಲ್ಲಾ ಚೆನ್ನಾಗೈತೆ ಕಣಪ್ಪಾ. ಗುಬ್ಬಿಗೆ ಒಂದು ಸಂದಿನೂ ಬಿಟ್ಟಿಲ್ವಲ್ಲ" ಅಂದಳು.

ಈ ಕೆಲಸ ಶುರುವಾಗಿದ್ದು ಆ ಮಾತಿನಿಂದ. ಒಂದು ಮರ, ಮೂರು ಗೂಡಿನ ಡಬ್ಬಿ. ಒಂದು ತಿಂಗಳಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ನಾಲ್ಕು ವರ್ಷ ಹಿಡಿಯಿತು. ಎಲ್ಲಿ ತಪ್ಪಾಯಿತು, ಹೇಗೆ ಸರಿ ಮಾಡಿದೆ ಅನ್ನೋದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಗಟ್ಟಿ ನೆಲದಲ್ಲಿ ಮನೆ ಕಟ್ಟಿಕೊಂಡು ಗಿಡ ನೆಡೋಕೆ ಹೊರಟಿರುವವರಿಗೆ ಉಪಯೋಗ ಆಗಬಹುದು.

ಗುಂಡಿ, 2021

ಗೇಟಿನ ಪಕ್ಕ, ಮನೆಯ ಪೂರ್ವಕ್ಕೆ, 14 ಅಡಿ ಉದ್ದ 13 ಅಡಿ ಅಗಲದ ಜಾಗ ಇತ್ತು. ಕರೆಂಟ್ ತಂತಿ ರಸ್ತೆಯ ಆಚೆ ಬದಿಗೆ ಹೋಗುತ್ತದೆ. ನೀರಿನ ಸಂಪು ಮನೆಯ ಇನ್ನೊಂದು ಮೂಲೆಗಿದೆ. ಮನೆಯ ಪಾಯದಿಂದ 8 ಅಡಿ, ಕಾಂಪೌಂಡಿನಿಂದ 5 ಅಡಿ ಬಿಟ್ಟು ಒಂದು ಗೂಟ ಹೊಡೆದೆ. ಮುಂದೆ ಮರ ದೊಡ್ಡದಾದ ಮೇಲೆ ತಂತಿಗೆ ತಾಗುತ್ತೆ, ಸಂಪು ಒಡೆಯುತ್ತೆ ಅಂತ ಕಡಿಯೋ ಹಾಗಾಗಬಾರದು ಅಲ್ವಾ? ಗುಂಡಿ ತೋಡೋ ಮುಂಚೆ ಟೇಪು ಹಿಡಿದು ಓಡಾಡಿದ ಆ ಅರ್ಧ ಗಂಟೆ ವ್ಯರ್ಥ ಅಲ್ಲ.

ಬೇಸಿಗೆಯಲ್ಲೇ ಗುಂಡಿ ತೆಗೆಸಿದೆ. 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ. ಮೇಲಿನ ಒಂದು ಅಡಿ ಪೂರ್ತಿ ಮನೆ ಕಟ್ಟಿದ ಕಸ. ಸಿಮೆಂಟ್ ಹೆಂಟೆ, ಟೈಲ್ಸ್ ಚೂರು, ಬೈಂಡಿಂಗ್ ವೈರು. ಅದನ್ನೆಲ್ಲ ಆರಿಸಿ ಹೊರಗೆ ಹಾಕಿದೆವು. ಸಿಮೆಂಟು ಮಣ್ಣಿಗೆ ಸುಣ್ಣದ ಅಂಶ ಬಿಡುತ್ತದೆ, ಎಳೇ ಬೇರಿಗೆ ಅದು ಆಗಿಬರೋದಿಲ್ಲ. ಅದರ ಕೆಳಗೆ ಶುದ್ಧ ಗರಸು. ಗಡಾರಿ ಹಾಕಿದರೆ ಟಣ್ ಅನ್ನುತ್ತಿತ್ತು. ಕೆಲಸಕ್ಕೆ ಬಂದಿದ್ದ ಅಣ್ಣ ಒಂದು ಉಪಾಯ ಮಾಡಿದ. ಸಂಜೆ ಹೋಗುವಾಗ ಗುಂಡಿಗೆ ಎರಡು ಬಕೆಟ್ ನೀರು ಸುರಿದು ಹೋಗೋದು. ಬೆಳಿಗ್ಗೆ ಬರೋ ಹೊತ್ತಿಗೆ ಗರಸು ಅರ್ಧ ಅಡಿ ಮೆತ್ತಗಾಗಿರುತ್ತಿತ್ತು. ಹಾಗೆ ನಾಲ್ಕು ದಿನ ಅಗೆದ.

ಕೊನೇ ದಿನ ಬಾಂಡ್ಲಿ ಕೆಳಗಿಟ್ಟು ಆತ ಹೇಳಿದ: "ಸಾರ್, ಇದು ಗುಂಡಿ ಆಗ್ಲಿಲ್ಲ, ತೊಟ್ಟಿ ಆಯ್ತು. ಮಳೆ ಬಂದ್ರೆ ನೀರು ಎಲ್ಲಿಗೆ ಹೋಗುತ್ತೆ?"

ನಾನು ಆ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಬಯಲುಸೀಮೆಯಲ್ಲಿ ನೀರು ನಿಲ್ಲೋ ಚಿಂತೆ ಯಾರಿಗೆ ಅಂದುಕೊಂಡೆ.

ಎರಡು ತಿಂಗಳು ಗುಂಡಿ ಬಿಸಿಲಿಗೆ ಬಿಟ್ಟು, ಕೆರೆ ಗೋಡು, ಕೊಟ್ಟಿಗೆ ಗೊಬ್ಬರ, ಆರಿಸಿಟ್ಟ ಮೇಲ್ಮಣ್ಣು, ಒಂದು ಕಿಲೋ ಬೇವಿನ ಹಿಂಡಿ ಕಲಸಿ ತುಂಬಿದೆ. ಪುನರ್ವಸು ಮಳೆಯಲ್ಲಿ ಬೇವಿನ ಗಿಡ ನೆಟ್ಟೆ. ಖಾಸಗಿ ನರ್ಸರಿಯೊಂದರಿಂದ ತಂದ ಆರು ಅಡಿ ಎತ್ತರದ ಗಿಡ. ನೋಡೋಕೆ ಲಕ್ಷಣವಾಗಿತ್ತು. ಚೀಲ ಮಾತ್ರ ಚಿಕ್ಕದಿತ್ತು. ಆಗ ಅದರ ಅರ್ಥ ನನಗೆ ಗೊತ್ತಾಗಲಿಲ್ಲ.

ಬೇವು ಹೋಗಿದ್ದು, 2022

ಮೊದಲ ವರ್ಷ ಬೇವು ಚಿಗುರಿತು. ಎರಡನೇ ವರ್ಷ ಮಳೆ ಹಿಡಿಯಿತು. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಅಣೆಕಟ್ಟು, ನಮ್ಮ ಕಡೆಯವರ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಅದೇ ವರ್ಷ. ಹಿರಿಯೂರಿನ ಕಡೆ ಜನ ಜಾತ್ರೆಗೆ ಹೋದ ಹಾಗೆ ಹೋದರು. ನಾವೂ ಅವ್ವನನ್ನು ಕರೆದುಕೊಂಡು ಹೋದೆವು. ಮಾರಿಕಣಿವೆ ಕೋಡಿ ಹರಿಯೋದನ್ನು ನೋಡಿ ಅವ್ವ ಸುಮ್ನೆ ಕೈ ಮುಗಿದು ನಿಂತುಬಿಟ್ಟಳು.

ಮನೆಗೆ ಬಂದರೆ ಬೇವಿನ ಎಲೆ ಹಳದಿ. ಎಲೆ ಜೋಲು ಬಿದ್ದಿತ್ತು. ನೀರು ಸಾಲದೆ ಬಾಡಿದ ಗಿಡದ ಥರವೇ ಕಾಣುತ್ತಿತ್ತು. ನಾನು ಒಂದು ಬಕೆಟ್ ನೀರು ಜಾಸ್ತಿ ಹಾಕಿದೆ. ಮಾಡಬಾರದ ಕೆಲಸ ಅದು. ಅಕ್ಟೋಬರ್ ಹೊತ್ತಿಗೆ ಬುಡದ ತೊಗಟೆ ಬೆರಳಲ್ಲಿ ಒತ್ತಿದರೆ ಕಿತ್ತು ಬರುತ್ತಿತ್ತು. ಮಣ್ಣು ಮೂಸಿದರೆ ಚರಂಡಿ ವಾಸನೆ.

ಗಿಡ ಕಿತ್ತು ನೋಡಿದೆ. ಸತ್ತ ಗಿಡವನ್ನು ಎಸೆಯೋ ಮುಂಚೆ ಅದರ ಬೇರು ತೊಳೆದು ನೋಡಬೇಕು ಅನ್ನೋದನ್ನು ಅವತ್ತು ಕಲಿತೆ. ಎರಡು ವಿಷಯ ಕಂಡಿತು. ಒಂದು, ತಳದ ಬೇರುಗಳು ಕಪ್ಪಗೆ ಕೊಳೆತಿದ್ದವು. ಇನ್ನೊಂದು, ಮೇಲಿನ ಬೇರುಗಳು ಒಂದೂಕಾಲು ವರ್ಷದ ನಂತರವೂ ಚೀಲದ ಆಕಾರದಲ್ಲೇ ಸುತ್ತಿಕೊಂಡಿದ್ದವು, ಸಿಂಬೆಯ ಹಾಗೆ. ಚಿಕ್ಕ ಚೀಲದಲ್ಲಿ ಆರು ಅಡಿ ಬೆಳೆಸಿದ ಗಿಡ ಅದು. ಬೇರಿಗೆ ಹೊರಗೆ ಹೋಗೋ ದಾರಿಯೇ ಸಿಕ್ಕಿರಲಿಲ್ಲ. ನಾನೂ ನೆಡುವಾಗ ಬಿಡಿಸಿರಲಿಲ್ಲ. ಬೇವು ಬರ ತಡೆಯುತ್ತದೆ. ನಿಂತ ನೀರು ತಡೆಯೋದಿಲ್ಲ. ಆ ಅಣ್ಣ ತೊಟ್ಟಿ ಅಂದಿದ್ದು ಅಕ್ಷರಶಃ ನಿಜ ಆಗಿತ್ತು.

ಗುಂಡಿಯ ರಿಪೇರಿ

ಅರ್ಧ ಗುಂಡಿ ಖಾಲಿ ಮಾಡಿ, ಸಂಜೆ ಆರಕ್ಕೆ ನಾಲ್ಕು ಬಕೆಟ್ ನೀರು ಸುರಿದೆ. ಕೋಲು ನಿಲ್ಲಿಸಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಬೆಳಿಗ್ಗೆ ಆರಕ್ಕೆ ನೋಡಿದರೆ ನೀರು ಬರೀ ಎರಡು ಬೆರಳು ಇಳಿದಿತ್ತು. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಮೊದಲೇ ಮಾಡಿದ್ದರೆ ಒಂದು ಗಿಡ ಉಳಿಯುತ್ತಿತ್ತು.

ನಮ್ಮ ಜಾಗ ಗೇಟಿನ ಕಡೆಗೆ ಇಳಿಜಾರು. ಗುಂಡಿಯ ತಳದಿಂದ ಆ ಕಡೆಗೆ 5 ಅಡಿ ಉದ್ದ, ಮುಕ್ಕಾಲು ಅಡಿ ಅಗಲದ ಕಾಲುವೆ ತೋಡಿಸಿದೆ. ತಳ ಸ್ವಲ್ಪ ಸ್ವಲ್ಪವೇ ಇಳಿಜಾರಾಗಿ ಹೋಗಬೇಕು. ನೀರು ಹಾಕಿ ನೋಡುತ್ತಾ ಅಗೆದರೆ ಇಳಿಜಾರು ತಾನೇ ಗೊತ್ತಾಗುತ್ತದೆ. ಕಾಲುವೆಗೆ 40 ಎಂಎಂ ಜಲ್ಲಿ ತುಂಬಿ, ಮೇಲೆ ಹಳೇ ಗೋಣಿತಾಟು ಹಾಸಿ, ಮಣ್ಣು ಮುಚ್ಚಿದೆ. ಗೋಣಿತಾಟು ಇಲ್ಲದಿದ್ದರೆ ಮಣ್ಣು ಜಲ್ಲಿಯೊಳಗೆ ಇಳಿದು ಕಟ್ಟಿಕೊಳ್ಳುತ್ತದೆ. ಅದು ಕೊಳೆಯೋ ಹೊತ್ತಿಗೆ ಮಣ್ಣು ಕೂತಿರುತ್ತದೆ. ಕಾಲುವೆಯ ಕೊನೆಗೆ ಎರಡು ಅಡಿ ಆಳದ ಇನ್ನೊಂದು ಚಿಕ್ಕ ಗುಂಡಿ ಮಾಡಿ, ಅದರ ತಳದಲ್ಲಿ ಗಡಾರಿಯಿಂದ ಗರಸು ಒಡೆದು ತೂತು ಮಾಡಿದೆವು. ಒಂದೂಕಾಲು ಅಡಿ ಆದ ಮೇಲೆ ಗಡಾರಿ ಒಮ್ಮೆಗೇ ಸಲೀಸಾಗಿ ಇಳಿಯಿತು. ಕೆಳಗೆ ಸಡಿಲ ಪದರ ಸಿಕ್ಕಿತ್ತು. ಮತ್ತೆ ನಾಲ್ಕು ಬಕೆಟ್ ಹಾಕಿದೆ. ಎರಡು ಗಂಟೆಯಲ್ಲಿ ಗುಂಡಿ ಖಾಲಿ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಯಾವ ಗಿಡ? ಹಕ್ಕಿಗೆ ಆಲ, ಅತ್ತಿ, ಬಸರಿಗಿಂತ ಒಳ್ಳೇ ಮರ ಇಲ್ಲ. ಮನೆ ಪಾಯದ ಪಕ್ಕ ಅವುಗಳ ಬೇರು ಬೇಡ. ಗಸಗಸೆ ಹಣ್ಣಿನ ಮರ ಎರಡೇ ವರ್ಷಕ್ಕೆ ಹಣ್ಣು ಬಿಡುತ್ತದೆ, ಪಿಕಳಾರ, ಬದನಿಕೆ ಹಕ್ಕಿ ಮುತ್ತಿಕೊಳ್ಳುತ್ತವೆ. ಅದು ಅಮೆರಿಕ ಖಂಡದ ಕಡೆಯ ಮರ. ಕೊಂಬೆ ಮೆದು. ನಮ್ಮ ಗಾಳಿಗೆ ನಿಲ್ಲುತ್ತಾ ಅನ್ನೋ ಅನುಮಾನ. ಅವ್ವ ಮೊದಲಿಂದ ಹೇಳುತ್ತಿದ್ದದ್ದು ಹೊಂಗೆ. ಹೊಂಗೆ ನೆರಳು ತಾಯಿ ಮಡಿಲಿದ್ದ ಹಾಗೆ ಅನ್ನೋರು ನಮ್ಮ ಕಡೆಯವರು. ಹಳ್ಳದ ದಂಡೆಯಲ್ಲಿ ನೀರಲ್ಲಿ ಕಾಲಿಟ್ಟುಕೊಂಡೂ ನಿಲ್ಲುತ್ತದೆ, ಬರದ ಹೊಲದ ಬದುವಿನಲ್ಲೂ ನಿಲ್ಲುತ್ತದೆ. ದ್ವಿದಳ ಜಾತಿಯದ್ದಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದು ಮಣ್ಣಿಗೂ ಕೊಡುತ್ತದೆ. ನನ್ನ ಗುಂಡಿಗೆ ಇದೇ ಸರಿ.

ನವೆಂಬರ್‌ನಲ್ಲಿ ಅರಣ್ಯ ಇಲಾಖೆಯ ನರ್ಸರಿಯಿಂದ ಹೊಂಗೆ ಸಸಿ ತಂದೆ. ಎರಡೇ ಅಡಿ ಎತ್ತರ, 8×12 ಇಂಚಿನ ಚೀಲ. ಚೀಲ ದೊಡ್ಡದು, ಗಿಡ ಚಿಕ್ಕದು. ಈ ಸಲ ಅದನ್ನೇ ನೋಡಿ ಆರಿಸಿದೆ. ಬ್ಲೇಡಿನಿಂದ ಚೀಲ ಸೀಳಿ, ತಳದಲ್ಲಿ ಸುತ್ತಿದ್ದ ಎರಡು ಬೇರನ್ನು ಕತ್ತರಿಸಿ, ಪಕ್ಕದ ಬೇರುಗಳನ್ನು ಬೆರಳಿಂದ ಸಡಿಲ ಮಾಡಿ, ಚೀಲದ ಮಣ್ಣಿನ ಮಟ್ಟಕ್ಕೇ ಸರಿಯಾಗಿ ನೆಟ್ಟೆ. ಕಾಂಡ ಮಣ್ಣಿನಲ್ಲಿ ಹೂತರೆ ಅಲ್ಲೂ ಕೊಳೆಯುತ್ತದೆ.

ಬರ ಮತ್ತು ಮಡಕೆ, 2023

ಹಿಂದಿನ ವರ್ಷ ನೀರು ಜಾಸ್ತಿಯಾಗಿ ಗಿಡ ಹೋಯಿತು. ಈ ವರ್ಷ ಬರ. ಮುಂಗಾರು ಕೈಕೊಟ್ಟಿತು, ಬರಪೀಡಿತ ಅಂತ ಘೋಷಣೆಯೂ ಆಯಿತು. ಬೋರಿನಲ್ಲಿ ನೀರು ಕಮ್ಮಿ. ಪೈಪು ಹಿಡಿದು ನೀರು ಬಿಡೋ ಹಾಗಿಲ್ಲ.

ಎರಡು ಮಣ್ಣಿನ ಮಡಕೆ ತಂದೆ, ಐದೈದು ಲೀಟರಿನವು. ಬಣ್ಣ ಬಳಿದದ್ದು, ಪಾಲಿಶ್ ಇದ್ದದ್ದು ಬೇಡ. ಬರಿಯ ಸುಟ್ಟ ಮಣ್ಣಿನದೇ ಬೇಕು, ಅದರ ಮೈಯಿಂದ ನೀರು ಜಿನುಗಬೇಕು. ಕಾಂಡದಿಂದ ಒಂದೂವರೆ ಅಡಿ ದೂರಕ್ಕೆ, ಆ ಕಡೆ ಒಂದು ಈ ಕಡೆ ಒಂದು, ಕುತ್ತಿಗೆವರೆಗೆ ಹೂತೆ. ನೀರು ತುಂಬಿ ಬಾಯಿಗೆ ಚಪ್ಪಡಿ ಚೂರು ಮುಚ್ಚಿದೆ. ಮುಚ್ಚದಿದ್ದರೆ ಸೊಳ್ಳೆ, ಜೊತೆಗೆ ಓತಿಕ್ಯಾತ, ಅಳಿಲು ಬಿದ್ದು ಸಾಯುತ್ತವೆ. ನಾಲ್ಕು ದಿನಕ್ಕೊಮ್ಮೆ ತುಂಬಿಸಿದರೆ ಸಾಕಾಗುತ್ತಿತ್ತು. ಅಕ್ಕಿ ತೊಳೆದ ನೀರನ್ನು ಮಡಕೆಗೆ ಹಾಕಬೇಡಿ, ಗಿಡದ ಪಾತಿಗೆ ಹಾಕಿ. ಮಡಕೆಯ ಸಣ್ಣ ರಂಧ್ರಗಳು ಗಂಜಿಯಿಂದ ಕಟ್ಟಿಕೊಳ್ಳುತ್ತವೆ. ನಮ್ಮ ಬೋರಿನ ಗಡಸು ನೀರಿಗೂ ಇದೇ ತೊಂದರೆ. ಎಂಟು ತಿಂಗಳಾದ ಮೇಲೆ ಮಡಕೆಯ ನೀರು ಇಳಿಯೋದೇ ನಿಂತಿತು. ಕಿತ್ತು ನೋಡಿದರೆ ಒಳಗೆಲ್ಲ ಬಿಳಿ ಪೊರೆ. ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಿಂದ ಉಜ್ಜಿ, ಎರಡು ಅಡಿ ದೂರಕ್ಕೆ ಮತ್ತೆ ಹೂತೆ. ಅಷ್ಟರಲ್ಲಿ ಬೇರೂ ಅಲ್ಲಿಗೆ ಬಂದಿತ್ತು.

ನೆಲಕ್ಕೆ ಹೊದಿಕೆಯಾಗಿ ಶೇಂಗಾ ಸಿಪ್ಪೆ ಹಾಕಿದೆ. ಚಳ್ಳಕೆರೆ ಕಡೆಯವರಿಗೆ ಅದಕ್ಕೆ ಬರ ಇಲ್ಲ. ಕಾಂಡಕ್ಕೆ ತಾಗುವ ಹಾಗೆ ರಾಶಿ ಹಾಕಿದ್ದು ತಪ್ಪು. ಮೂರು ವಾರಕ್ಕೆ ಗೆದ್ದಲು ತೊಗಟೆಯ ಮೇಲೆ ಮಣ್ಣಿನ ಗೆರೆ ಎಳೆದುಕೊಂಡು ಹತ್ತಿತ್ತು. ಗೆರೆ ಕೆರೆದು, ಸಿಪ್ಪೆಯನ್ನು ಕಾಂಡದಿಂದ ಅರ್ಧ ಅಡಿ ಹಿಂದಕ್ಕೆ ಸರಿಸಿ, ಸುತ್ತ ಒಂದು ಹಿಡಿ ಬೇವಿನ ಹಿಂಡಿ ಹಾಕಿದೆ. ಮತ್ತೆ ಬರಲಿಲ್ಲ.

ಆಷಾಢದ ಗಾಳಿ ಬಗ್ಗೆ ದುರ್ಗದವರಿಗೆ ಹೇಳಬೇಕಿಲ್ಲ. ಗುಡ್ಡದ ಮೇಲೆ ಸಾಲುಗಟ್ಟಿ ಗಾಳಿ ಗಿರಣಿ ನಿಲ್ಲಿಸಿರೋದು ಸುಮ್ನೆ ಅಲ್ಲ. ಗಿಡಕ್ಕೆ ಒಂದು ಕೋಲು ನೆಟ್ಟು ನೈಲಾನ್ ದಾರದಲ್ಲಿ ಬಿಗಿದಿದ್ದೆ. ಗಾಳಿಗೆ ಉಜ್ಜಿ ಉಜ್ಜಿ ದಾರ ತೊಗಟೆಯನ್ನೇ ಕೊಯ್ದಿತು. ಆಮೇಲೆ ಎರಡು ಕೋಲು ನೆಟ್ಟು, ಅವ್ವನ ಹಳೇ ಕಾಟನ್ ಸೀರೆಯ ಪಟ್ಟಿ ಹರಿದು, ಇಂಗ್ಲಿಷ್ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿದೆ. ಗಿಡ ಸ್ವಲ್ಪ ತೂಗಾಡಬೇಕು. ತೂಗಾಡಿದರೇ ಕಾಂಡ ಗಟ್ಟಿಯಾಗೋದು.

ಡಬ್ಬಿ: ಮೊದಲು ಮಾಡಿದ್ದು, ಆಮೇಲೆ ಮಾಡಿದ್ದು

ಮೊದಲ ಗೂಡಿನ ಡಬ್ಬಿ ಮಾಡಿದ್ದು 2021ರಲ್ಲೇ. 6 ಎಂಎಂ ಪ್ಲೈವುಡ್, ಎರಡು ಇಂಚಿನ ತೂತು, ಕೂರೋಕೆ ಅಂತ ಮುಂದೆ ಒಂದು ಕಡ್ಡಿ, ಹೊಳೆಯೋ ಹಸಿರು ಪೇಂಟು. ಪಶ್ಚಿಮದ ಗೋಡೆಗೆ ಹೊಡೆದಿದ್ದೆ. ಅದರಲ್ಲಿ ಎಲ್ಲವೂ ತಪ್ಪೇ. ಏಪ್ರಿಲ್ ಮಧ್ಯಾಹ್ನ ಒಳಗೆ ಕೈ ಹಾಕಿದರೆ ಒಲೆಯ ಹಾಗೆ ಬಿಸಿ. ಎರಡು ಇಂಚಿನ ತೂತಿನಲ್ಲಿ ಗೊರವಂಕ ನುಗ್ಗುತ್ತದೆ. ಮುಂದಿನ ಕಡ್ಡಿ ಗುಬ್ಬಿಗೆ ಬೇಕೇ ಇಲ್ಲ, ಅದು ತೂತಿನ ಅಂಚಿಗೇ ಉಗುರು ಹಾಕಿ ನುಸುಳುತ್ತದೆ. ಕಡ್ಡಿ ಉಪಯೋಗಕ್ಕೆ ಬರೋದು ಕಾಗೆಗೆ. ಒಂದು ಮಳೆಗಾಲಕ್ಕೆ ಪ್ಲೈವುಡ್ ಉಬ್ಬಿ ಬಿಚ್ಚಿಕೊಂಡಿತು.

2024ರ ಜನವರಿಯಲ್ಲಿ ನಮ್ಮ ಬೀದಿಯ ಆಚಾರ್ರ ಹತ್ತಿರ ಹೋಗಿ ಕೂತೆ. ಗುಜರಿ ಅಂಗಡಿಯಿಂದ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ತಂದಿದ್ದೆ, ಮುಕ್ಕಾಲು ಇಂಚು ದಪ್ಪ. ಹೊರದೇಶದಿಂದ ಬಂದ ಪೆಟ್ಟಿಗೆಗಳ ಮೇಲೆ ಒಂದು ಮುದ್ರೆ ಇರುತ್ತದೆ. ಎಚ್‌ಟಿ ಅಂತಿದ್ದರೆ ಶಾಖ ಕೊಟ್ಟು ಹುಳ ಸಾಯಿಸಿದ ಮರ, ತೊಂದರೆ ಇಲ್ಲ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ವಿಷದ ಹೊಗೆ ಕೊಟ್ಟದ್ದು, ಬಿಟ್ಟುಬಿಡಿ.

ಅಳತೆ ಹೀಗೆ. ಒಳಗಿನ ತಳ ಐದೂವರೆ ಇಂಚು ಚೌಕ. ಒಳ ಎತ್ತರ 9 ಇಂಚು. ತೂತಿನ ಮಧ್ಯಭಾಗ ತಳದಿಂದ 6 ಇಂಚು ಮೇಲೆ. ತೂತು 32 ಎಂಎಂ. ಬಾಗಿಲಿಗೆ ಬೀಗ ಕೂರಿಸೋ ಹೋಲ್ ಸಾ ಸೆಟ್ಟಿನಲ್ಲಿ ಆ ಸೈಜು ಇರುತ್ತದೆ, ಆಚಾರ್ರ ಹತ್ತಿರ ಇತ್ತು. ಗುಬ್ಬಿ ಇದರಲ್ಲಿ ಹೋಗುತ್ತದೆ, ಗೊರವಂಕ ಹೋಗೋದಿಲ್ಲ. ತಳದ ನಾಲ್ಕು ಮೂಲೆಗೆ 6 ಎಂಎಂ ತೂತು, ನೀರು ಸೇರಿದರೆ ಇಳಿಯೋಕೆ. ಮಾಡಿನ ಕೆಳಗೆ ಎರಡೂ ಪಕ್ಕ ಕಿರುಬೆರಳಿನಷ್ಟು ಸಂದಿ, ಬಿಸಿಗಾಳಿ ಹೊರಗೆ ಹೋಗೋಕೆ. ಮಾಡು ಇಳಿಜಾರಾಗಿ ಎರಡು ಇಂಚು ಮುಂದಕ್ಕೆ ಚಾಚಿರಬೇಕು. ಮುಂಭಾಗದ ಹಲಗೆಯ ಒಳಮೈಗೆ ಗರಗಸದಿಂದ ಅಡ್ಡಡ್ಡ ಗೆರೆ ಕೊರೆದೆವು. ನುಣ್ಣನೆ ಹಲಗೆ ಆದರೆ ಮರಿಗಳಿಗೆ ಹತ್ತಿ ತೂತಿನವರೆಗೆ ಬರೋಕೆ ಹಿಡಿತ ಸಿಗೋದಿಲ್ಲ. ಒಂದು ಪಕ್ಕದ ಹಲಗೆಗೆ ಮೊಳೆ ಹೊಡೆಯದೆ ಕೀಲು, ಕೊಂಡಿ ಹಾಕಿದೆವು, ಮರಿ ಹೋದ ಮೇಲೆ ತೆಗೆದು ಸ್ವಚ್ಛ ಮಾಡಬೇಕಲ್ಲ. ಒಳಗೆ ಪೇಂಟ್ ಇಲ್ಲ. ಹೊರಗೆ ಅಗಸೆ ಎಣ್ಣೆ ಎರಡು ಕೈ, ಆಮೇಲೆ ಹದಿನೈದು ದಿನ ಬಿಸಿಲಿಗೆ ಇಟ್ಟು ವಾಸನೆ ಹೋಗಿಸಿದ್ದು.

"ಗುಬ್ಬಿಗೆ ಇಷ್ಟು ಫಿನಿಶಿಂಗ್ ಬೇಕಾ ಸಾರ್?" ಅಂತ ಕೇಳಿದ ಆಚಾರ್ರು, ಕೊನೆಗೆ ತಾವೇ ತೂತಿನ ಅಂಚಿಗೆ ಮರಳು ಕಾಗದ ಹಿಡಿದು ಉಜ್ಜಿ ನುಣುಪು ಮಾಡಿದರು. ಕೂಲಿಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಗುಬ್ಬಿ ಒಂಟಿಯಾಗಿ ಬದುಕೋ ಹಕ್ಕಿ ಅಲ್ಲ. ಅದಕ್ಕೇ ಮೂರು ಡಬ್ಬಿ. ಪೂರ್ವದ ಗೋಡೆಗೆ, ಸಜ್ಜಾ ಕೆಳಗೆ, ನೆಲದಿಂದ 9 ಅಡಿ ಎತ್ತರಕ್ಕೆ, ಒಂದೊಂದರ ನಡುವೆ ಮೂರು ಅಡಿ ಬಿಟ್ಟು ತಿರುಪು ಹಾಕಿ ಬಿಗಿಸಿದೆ. ಮಳೆ ನಮಗೆ ಪಶ್ಚಿಮದಿಂದ ಹೊಡೆಯುತ್ತದೆ, ಬಿಸಿಲೂ ಮಧ್ಯಾಹ್ನದ ಮೇಲೆ ಆ ಕಡೆಯಿಂದಲೇ.

ಗುಬ್ಬಿಗಳು ಹಿಂದಿನ ಬೀದಿಯ ಹಿಟ್ಟಿನ ಗಿರಣಿಯಲ್ಲಿ ಇದ್ದವು. ಅವ್ವ ದಿನಾ ನವಣೆ ಕೇರಿ, ನುಚ್ಚು, ಜೊಳ್ಳು ಎಲ್ಲ ಅಂಗಳಕ್ಕೆ ಹಾಕೋಳು. ಬಂದವು, ತಿಂದವು, ಹೋದವು. ಡಬ್ಬಿ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಒಂದು ಡಬ್ಬಿಯಲ್ಲಿ ಹಲ್ಲಿ, ಇನ್ನೊಂದರಲ್ಲಿ ಕಣಜ. ಇಡೀ ವರ್ಷ ಹಾಗೇ ಹೋಯಿತು.

ಹುಳ

ಈ ಬರಹದಲ್ಲಿ ಒಂದೇ ಒಂದು ಭಾಗ ಓದೋದಾದರೆ ಇದನ್ನು ಓದಿ.

2024ರ ಮಳೆಗಾಲದಲ್ಲಿ ಹೊಂಗೆ ಏಳು ಅಡಿ ಇತ್ತು. ಜುಲೈನಲ್ಲಿ ಒಂದು ದಿನ ನೋಡಿದರೆ ಎಲೆ ಎಲೆಯೂ ತೂತು. ಕೆಲವು ಎಲೆ ಮಡಚಿಕೊಂಡಿದ್ದವು, ಬಿಡಿಸಿದರೆ ಒಳಗೆ ಹುಳ. ಕಾಮನ್ ಬ್ಯಾಂಡೆಡ್ ಆಲ್ ಅನ್ನೋ ಚಿಟ್ಟೆಯ ಮರಿಹುಳ ಅದು. ಕಂದು ಬಣ್ಣದ ಚಿಟ್ಟೆ, ಹಿಂದಿನ ರೆಕ್ಕೆಯ ಕೆಳಮೈಯಲ್ಲಿ ಒಂದು ಬಿಳಿ ಪಟ್ಟಿ. ಹೊಂಗೆ ಅದರ ಮನೆ. ಇನ್ನು ಕೆಲವು ಎಲೆಗಳ ಮೇಲೆ ಗಂಟುಗಂಟು, ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ವಾರದೊಳಗೆ ಗಿಡ ಅರ್ಧ ಬೋಳಾಯಿತು.

ನಾನು ಗಾಬರಿಯಾಗಿ ಔಷಧಿ ಅಂಗಡಿಗೆ ಹೋಗಿ ಕೀಟನಾಶಕದ ಬಾಟಲಿ ತಂದೆ. ಪಂಪಿಗೆ ನೀರು ತುಂಬುತ್ತಿದ್ದಾಗ ಅವ್ವ ಮೆಟ್ಟಿಲ ಮೇಲೆ ಕೂತಿದ್ದಳು.

"ಏನಪ್ಪಾ ಅದು?"

"ಹುಳಕ್ಕೆ ಅವ್ವಾ. ಗಿಡನೇ ತಿಂದು ಹಾಕ್ತಾವೆ."

"ಹುಳ ಸಾಯಿಸಿದ್ರೆ ಗುಬ್ಬಿ ಮರಿ ಏನ್ ತಿನ್ಬೇಕು? ಮರಿಗೆ ಹಲ್ಲು ಬಂದೈತಾ ನವಣೆ ತಿನ್ನಾಕೆ? ನಮ್ಮ ಮಾಳಿಗೆ ಮನೇಲಿ ನೋಡಿಲ್ವಾ ನೀನು, ಬಾಯ್ತುಂಬ ಹುಳನೇ ತರೋವು."

ಪಂಪು ಕೆಳಗಿಟ್ಟೆ. ನೋಡಿದ್ದೆ, ನಿಜ. ಗುಬ್ಬಿ ಕಾಳು ತಿನ್ನೋ ಹಕ್ಕಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ದೊಡ್ಡ ಗುಬ್ಬಿ ಕಾಳು ತಿನ್ನುತ್ತದೆ. ಮರಿಗೆ ಮೊದಲ ದಿನಗಳಲ್ಲಿ ಕೊಡೋದು ಮೆತ್ತನೆ ಹುಳ, ಕೀಟ. ಹುಳ ಸಿಗದ ಕಡೆ ಡಬ್ಬಿ ಎಷ್ಟು ಚೆನ್ನಾಗಿದ್ದರೂ ಮರಿ ಉಳಿಯೋದಿಲ್ಲ. ಮೂರು ವರ್ಷದಿಂದ ನಾನು ಬರೀ ಮನೆ ಕಟ್ಟಿಕೊಡುತ್ತಿದ್ದೆ, ಅಡುಗೆಮನೆ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಆ ಅಡುಗೆಮನೆ ಹೊಂಗೆ ಮರ. ಅದರ ತೂತು ಬಿದ್ದ ಎಲೆಗಳು.

ಬಾಟಲಿ ಸೀಲು ಒಡೆದಿರಲಿಲ್ಲ, ವಾಪಸ್ ಕೊಟ್ಟು ಬಂದೆ. ಹೊಂಗೆ ಒಂದು ತಿಂಗಳಲ್ಲಿ ಹೊಸ ಎಲೆ ಬಿಟ್ಟು ಮೊದಲಿಗಿಂತ ದಟ್ಟವಾಯಿತು. ಈ ಮರಕ್ಕೆ ಆ ಹುಳದ ಜೊತೆ ಬದುಕೋದು ಹೊಸದಲ್ಲ. ಎಳೇ ಸಸಿ ಪೂರ್ತಿ ಬೋಳಾದರೆ ಕೈಯಿಂದ ಒಂದಿಷ್ಟು ಹುಳ ಆರಿಸಿ ಪಕ್ಕಕ್ಕೆ ಬಿಡಬಹುದು. ಅಷ್ಟು ಸಾಕು.

ಅದೇ ಲೆಕ್ಕದಲ್ಲಿ ಮನೆಯ ಮುಂದಿನ ಜೇಡರ ಬಲೆಯನ್ನೂ ಗುಡಿಸೋದು ಬಿಟ್ಟೆವು. ಸೂರಕ್ಕಿ ಗೂಡು ಹೆಣೆಯೋದು ಜೇಡರ ಬಲೆಯ ಅಂಟಿನಿಂದಲೇ. ಟುವ್ವಿ ಹಕ್ಕಿ ಎಲೆ ಹೊಲಿಯೋಕೂ ಅದನ್ನು ದಾರ ಮಾಡಿಕೊಳ್ಳುತ್ತದೆ. ನವೆಂಬರ್‌ನಲ್ಲಿ ಹೆಣ್ಣು ಸೂರಕ್ಕಿಯೊಂದು ಬಟ್ಟೆ ಒಣಗಿಸೋ ಹಗ್ಗದ ತುದಿಗೆ ಚೀಲದಂಥ ಗೂಡು ಕಟ್ಟಿತು. ಒಂದು ತಿಂಗಳಿಗೂ ಮೇಲೆ ನಮ್ಮ ಮನೆ ಬಟ್ಟೆ ತಾರಸಿಯ ಮೇಲೆ ಒಣಗಿದವು.

2025ರ ಯುಗಾದಿ

ಫೆಬ್ರುವರಿಯಲ್ಲಿ ಗಂಡು ಗುಬ್ಬಿಯೊಂದು ನಡುವಿನ ಡಬ್ಬಿಯ ಮೇಲೆ ಕೂತು ಚಿಂವ್ ಚಿಂವ್ ಅಂತ ಒಂದೇ ಸಮ ಕೂಗೋಕೆ ಶುರು ಮಾಡಿತು. ವಾರಕ್ಕೆ ಹೆಣ್ಣು ಬಂತು, ಒಳಗೆ ಹೋಗಿ ನೋಡಿ ಹೊರಗೆ ಬಂತು. ಮತ್ತೆ ಹೋಯಿತು. ಆಮೇಲೆ ಹುಲ್ಲು ಸಾಗಿಸೋದು ಶುರು. ಕಸಪೊರಕೆಯ ಕಡ್ಡಿ, ಕೋಳಿ ಪುಕ್ಕ, ನಾರು. ಮನೆಯಲ್ಲಿ ಎಲ್ಲರಿಗೂ ಹೇಳಿದೆ: ಡಬ್ಬಿ ತೆಗೆದು ನೋಡೋದಿಲ್ಲ, ಫೋಟೋಗೆ ಅಂತ ಏಣಿ ಹಾಕೋದಿಲ್ಲ, ಆ ಬದಿಯ ಕಿಟಕಿ ಬಾಗಿಲು ತೆಗೆದಿದ್ದರೆ ಫ್ಯಾನ್ ಹಾಕೋದಿಲ್ಲ. ಬೈಕಿನ ಕನ್ನಡಿಗೆ ಹಳೇ ಸಾಕ್ಸ್ ಹಾಕಿದೆ. ಗೂಡು ಕಟ್ಟೋ ಕಾಲದಲ್ಲಿ ಪಿಕಳಾರ, ಸೂರಕ್ಕಿ ಕನ್ನಡಿಯಲ್ಲಿ ಇನ್ನೊಂದು ಹಕ್ಕಿ ಕಂಡು ಕುಟ್ಟಿ ಕುಟ್ಟಿ ಸುಸ್ತಾಗುತ್ತವೆ.

ಗುಬ್ಬಿ ಮೊಟ್ಟೆ ಒಡೆಯೋಕೆ ಹನ್ನೊಂದರಿಂದ ಹದಿನಾಲ್ಕು ದಿನ. ಯುಗಾದಿಗೆ ಎರಡು ದಿನ ಇದ್ದಾಗ ಡಬ್ಬಿಯೊಳಗಿಂದ ಸಣ್ಣ ಸದ್ದು ಕೇಳಿಸಿತು. ಆ ಹೊತ್ತಿಗೆ ಹೊಂಗೆ ಹಳೇ ಎಲೆ ಉದುರಿಸಿ ಹೊಸ ಎಲೆ ಬಿಟ್ಟಿತ್ತು, ಎಣ್ಣೆ ಹಚ್ಚಿದ ಹಾಗೆ ಹೊಳೆಯೋ ತಿಳಿ ಹಸಿರು. ಹೊಸ ಎಲೆಗೆ ಹೊಸ ಹುಳ. ಹಬ್ಬದ ದಿನ ಬೆಳಿಗ್ಗೆ ಆರೂ ಮುಕ್ಕಾಲರಿಂದ ಏಳೂ ಕಾಲರವರೆಗೆ ಟೀ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು ಎಣಿಸಿದೆ. ಅಪ್ಪ ಅಮ್ಮ ಸೇರಿ ಅರ್ಧ ಗಂಟೆಯಲ್ಲಿ ಹದಿನಾಲ್ಕು ಸಲ ಬಂದವು. ಅದರಲ್ಲಿ ಒಂಬತ್ತು ಸಲ ಹೊಂಗೆಯಿಂದ ನೇರ ಡಬ್ಬಿಗೆ. ಬಾಯಲ್ಲಿ ಹಸಿರು ಹುಳ ಕಾಣುತ್ತಿತ್ತು. ಬೇವು ಬೆಲ್ಲ ಕೊಡೋಕೆ ಬಂದ ಅವ್ವ ಪಕ್ಕದಲ್ಲೇ ಕೂತು, ತಾನೂ ಎಣಿಸೋಕೆ ಶುರು ಮಾಡಿದಳು.

ಒಂದು ತಪ್ಪನ್ನೂ ಬರೆಯಬೇಕು. ಏಪ್ರಿಲ್ ಕೊನೆಗೆ ಹೊಂಗೆಯ ಎರಡು ಕೊಂಬೆ ದಾರಿಗೆ ಅಡ್ಡ ಬರುತ್ತಿವೆ ಅಂತ ಕತ್ತರಿಸಿದೆ. ಕೆಳಗೆ ಬಿದ್ದ ಮೇಲೆ ನೋಡಿದರೆ, ಅವುಗಳ ಮರೆಯಲ್ಲಿ, ಆರು ಅಡಿ ಎತ್ತರದ ಕವಲಿನಲ್ಲಿ ಪಿಕಳಾರದ ಬಟ್ಟಲು ಗೂಡು. ಎರಡು ಮೊಟ್ಟೆ, ಗುಲಾಬಿ ಛಾಯೆಯ ಮೇಲೆ ಕೆಂಪು ಚುಕ್ಕೆ. ಎಲೆ ಮರೆ ಹೋಗಿ ಗೂಡು ಬಟಾಬಯಲಾಗಿತ್ತು. ಕತ್ತರಿಸಿದ ಕೊಂಬೆಯನ್ನೇ ಅಡ್ಡ ಕಟ್ಟಿ ಮರೆ ಮಾಡಿದೆ. ಮಾರನೇ ದಿನ ಬೆಳಿಗ್ಗೆ ಗೂಡು ಖಾಲಿ. ಮೇಲೆ ಕಾಗೆ ಕೂತಿತ್ತು. ಪಿಕಳಾರಗಳು ಎರಡು ದಿನ ಅಲ್ಲೇ ಕೂಗುತ್ತಾ ಸುತ್ತಾಡಿದವು. ಕಾಡು ಹಕ್ಕಿಗಳ ಮೊಟ್ಟೆ, ಗೂಡಿಗೆ ಕೈ ಹಚ್ಚಬಾರದು ಅಂತ 1972ರ ವನ್ಯಜೀವಿ ಕಾಯ್ದೆ ಹೇಳುತ್ತದೆ. ನನಗೆ ಕಾಯ್ದೆಗಿಂತ ಆ ಎರಡು ದಿನದ ಕೂಗೇ ಸಾಕಾಯಿತು. ಈಗ ಕೊಂಬೆ ಸವರೋದು ಡಿಸೆಂಬರ್‌ನಲ್ಲಿ ಮಾತ್ರ. ಆಗಲೂ ಮೊದಲು ಹತ್ತು ನಿಮಿಷ ಮರದ ಸುತ್ತ ನಿಂತು, ಹಕ್ಕಿ ಹೋಗಿ ಬಂದು ಮಾಡುತ್ತಿದೆಯಾ ಅಂತ ನೋಡಿ, ಎಲೆ ಸರಿಸಿ ನೋಡಿ, ಆಮೇಲೆ ಕತ್ತರಿ.

ನೀರಿಗೆ ಇಟ್ಟಿರೋದು ಮಣ್ಣಿನ ಅಗಲ ತಟ್ಟೆ, ಎರಡು ಇಂಚು ಆಳ, ನಡುವೆ ಒಂದು ಕಲ್ಲು. ಎರಡು ದಿನಕ್ಕೊಮ್ಮೆ ಉಜ್ಜಿ ತೊಳೆದು ಹೊಸ ನೀರು.

ಗುಬ್ಬಿ ಮರಿಗಳು ಏಪ್ರಿಲ್ ಎರಡನೇ ವಾರ ಹಾರಿ ಹೋಗಿದ್ದವು, ಮೂರು ಮರಿ. ಹತ್ತು ದಿನ ಕಾದು, ಯಾವ ಹಕ್ಕಿಯೂ ಡಬ್ಬಿಗೆ ಹೋಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮೂಗಿಗೆ ಬಟ್ಟೆ ಕಟ್ಟಿ ಕೊಂಡಿ ತೆಗೆದೆ. ಹಳೇ ಗೂಡಿನಲ್ಲಿ ಹೇನು, ನುಸಿ ಇರುತ್ತವೆ. ಹಳೆಯದನ್ನು ತೆಗೆದರೆ ಮುಂದಿನ ಮರಿಗಳಿಗೆ ಅವುಗಳ ಕಾಟ ಕಮ್ಮಿ. ಹುಲ್ಲಿನ ಮುದ್ದೆ ಹಾಗೇ ಇಡಿಯಾಗಿ ಕೈಗೆ ಬಂತು. ಹೊರಗೆ ಪೊರಕೆ ಕಡ್ಡಿ, ನಡುವೆ ತೆಂಗಿನ ನಾರು, ಮರಿ ಮಲಗಿದ್ದ ಜಾಗದಲ್ಲಿ ಪುಕ್ಕ. ಪುಕ್ಕದ ಕೆಳಗೆ ಮಾಸಿದ ಕೆಂಪು ನೂಲಿನ ಎಳೆಗಳು, ಒಂದು ಹಿಡಿಯಷ್ಟು. ಹೊಂಗೆಗೆ ಕಟ್ಟಿ ಮರೆತೇ ಬಿಟ್ಟಿದ್ದ ಸೀರೆ ಪಟ್ಟಿಯವು. ಅವ್ವನಿಗೆ ತೋರಿಸಿದೆ.

"ನಿಮ್ಮಪ್ಪ ಕೊಡಿಸಿದ್ದು ಆ ಸೀರೆ" ಅಂದು, ನೂಲನ್ನು ಬಿಡಿಸಿ ಬಿಡಿಸಿ ಹೊಂಗೆಯ ಕೆಳಗಿನ ಕೊಂಬೆಗೆ ಸಡಿಲವಾಗಿ ಸಿಕ್ಕಿಸಿದಳು. ಉದ್ದ ಎಳೆ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ ಅಂತ ನಾನು ಕತ್ತರಿ ತಂದು ಎಲ್ಲವನ್ನೂ ಎರಡೆರಡು ಇಂಚಿಗೆ ತುಂಡು ಮಾಡಿಕೊಟ್ಟೆ. ಡಬ್ಬಿಯನ್ನು ಕುದಿಯೋ ನೀರಲ್ಲಿ ತೊಳೆದು, ಎರಡು ದಿನ ಬಿಸಿಲಿಗಿಟ್ಟು, ಅದೇ ತಿರುಪಿಗೆ ಮತ್ತೆ ಬಿಗಿದೆ. ಮೇ ಮೊದಲ ವಾರ ಅದೇ ಡಬ್ಬಿಗೂ, ಅದರ ಎಡಗಡೆಯದಕ್ಕೂ ಹುಲ್ಲು ಹೋಗೋಕೆ ಶುರುವಾಯಿತು. ಬಲಗಡೆಯದು ಇನ್ನೂ ಖಾಲಿ ಇದೆ. ಅದರ ತೂತಿನ ಅಂಚನ್ನು ಅಳಿಲು ಕಡಿದು ಅಗಲ ಮಾಡಿದೆ. ಈ ಭಾನುವಾರ ಆಚಾರ್ರ ಹತ್ತಿರ ಹೋಗಿ 32 ಎಂಎಂ ತೂತಿನ ತಗಡಿನ ಬಿಲ್ಲೆ ಮಾಡಿಸಿ ಹೊಡೆಯಬೇಕು.